ಕೆಂಪು ಕಾರಿಗೆ ಬೆಲೆ ಕಟ್ಟಿದ್ದು

ಫೆಬ್ರವರಿಯ ಒಂದು ಸಂಜೆ, ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನು ರಾಶಿ ಮಾಡುತ್ತಿದ್ದ ಹೊತ್ತಿಗೆ, ಗುಡ್ಡದ ಕೆಳಗಿನ ರಸ್ತೆಯಲ್ಲಿ ಒಂದು ಗುಡುಗು ಕೇಳಿಸಿತು. ಅಕಾಲದ ಮಳೆಯೇನೋ ಎಂದು ಮನೆಯವಳು ಟಾರ್ಪಾಲು ಹುಡುಕಲು ಓಡಿದಳು. ಮಳೆಯಲ್ಲ, ಕಾರು. ನೆಲಕ್ಕೆ ತಗಲುವಷ್ಟು ತಗ್ಗಿದ ಒಂದು ಕೆಂಪು ಪೋಲೊ ಜಿಟಿ ನಮ್ಮ ಏರುದಾರಿಯ ಉಬ್ಬಿನಲ್ಲಿ ಹೊಟ್ಟೆ ಉಜ್ಜಿಕೊಂಡು ಬಂದು ನಿಂತಿತು. ಇಳಿದವನು ನನ್ನ ಹಳೆಯ ಶಿಷ್ಯ. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ನನ್ನ ಬಳಿ ಗಣಿತ ಕಲಿತು, ಈಗ ಮಂಗಳೂರಿನ ಕಂಪೆನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸಕ್ಕಿರುವವನು. ಕೈಯಲ್ಲೊಂದು ದಪ್ಪ ಕಡತ.

"ಮಾಷ್ಟ್ರೇ, ಕಾರು ಮಾರಬೇಕು. ಬೆಲೆ ಎಷ್ಟು ಹೇಳುವುದೆಂದು ನೀವೇ ಲೆಕ್ಕ ಹಾಕಿ ಕೊಡಬೇಕು" ಎಂದ.

ಕಾರಿನ ವಿಷಯ ಗಣಿತದ ಮಾಷ್ಟ್ರಿಗೇನು ಗೊತ್ತು ಎಂದು ನಕ್ಕೆ. ಅವನು ನಗಲಿಲ್ಲ. ತಂದೆಯ ಹೃದಯದ ಶಸ್ತ್ರಚಿಕಿತ್ಸೆಗಾಗಿ ಸಹಕಾರಿ ಬ್ಯಾಂಕಿನಿಂದ ಮನೆ, ತೋಟಗಳ ಮೇಲೆ ತೆಗೆದ ಸಾಲದಲ್ಲಿ ಏಳು ಲಕ್ಷ ಬಾಕಿ ಇತ್ತು. ಮಾರ್ಚ್ ಕೊನೆಯೊಳಗೆ ತೀರಿಸಬೇಕಾಗಿತ್ತು. ಮನೆಯಲ್ಲಿ ಮಾರಬಹುದಾದ ವಸ್ತು ಇದೊಂದೇ. ಹೀಗೆ ನಿವೃತ್ತನಾದ ಮೇಲೆ ನಾನು ಕಲಿತ ಹೊಸ ಪಾಠವನ್ನು ಈ ವಾರ ಓದುಗರ ಮುಂದಿಡುತ್ತಿದ್ದೇನೆ. ಮನೆಯಲ್ಲಿ ಬೆಳೆದ ಗಂಡುಮಕ್ಕಳಿದ್ದು, ಅವರ ಫೋನಿನಲ್ಲಿ ಇಂಥ ಕಾರುಗಳ ಚಿತ್ರಗಳೇ ತುಂಬಿರುವ ತಂದೆತಾಯಂದಿರು ಸ್ವಲ್ಪ ವ್ಯವಧಾನದಿಂದ ಓದಬೇಕಾಗಿ ವಿನಂತಿ.

ಕಡತದಲ್ಲಿ ಎಂಟು ವರ್ಷಗಳ ಬಿಲ್ಲುಗಳಿದ್ದವು. ಒಂದನ್ನೂ ಕಳೆದಿರಲಿಲ್ಲ, ಶಾಲೆಯಲ್ಲಿಯೂ ಅವನ ಪುಸ್ತಕ ಹಾಗೆಯೇ ಅಚ್ಚುಕಟ್ಟು. 2017ರಲ್ಲಿ ಕಾರು ರಸ್ತೆಗಿಳಿಯುವಾಗ ಒಟ್ಟು ಹನ್ನೊಂದು ಲಕ್ಷ ಆಗಿತ್ತು. ಅನಂತರ ಇಂಜಿನಿನ ಕಂಪ್ಯೂಟರನ್ನು ಮರುಬರೆಸಲು, ಅಂದರೆ ಅವರ ಮಾತಿನಲ್ಲಿ ರೀಮ್ಯಾಪ್ ಮಾಡಿಸಲು, 38,000. ಹೊಗೆಕೊಳವೆ ಮತ್ತು ಡೌನ್‌ಪೈಪಿಗೆ 64,000. ಗಾಳಿ ಹೆಚ್ಚು ಎಳೆಯುವ ಫಿಲ್ಟರಿಗೆ 18,000. ಎತ್ತರ ತಗ್ಗಿಸಿ ಏರಿಸಬಲ್ಲ ಸಸ್ಪೆನ್ಷನ್ನಿಗೆ 92,000. ದೊಡ್ಡ ಬ್ರೇಕುಗಳಿಗೆ 58,000. ಹದಿನೇಳು ಇಂಚಿನ ಚಕ್ರ, ಟಯರುಗಳಿಗೆ 96,000. ಮುಂದಿನ ಎರಡು ರೇಸಿಂಗ್ ಆಸನಗಳಿಗೆ 44,000. ಮೈಗೆ ಅಂಟಿಸಿದ ಕೆಂಪು ಹೊದಿಕೆ ಮತ್ತು ಕೂಲಿ ಸೇರಿ 50,000. ಕೂಡಿಸಿದರೆ 4,60,000 ರೂಪಾಯಿ. ಕಾರಿನ ಬೆಲೆ ಸೇರಿಸಿದರೆ ಹದಿನೈದು ಲಕ್ಷದ ಅರುವತ್ತು ಸಾವಿರ.

"ಹತ್ತು ಲಕ್ಷವಾದರೂ ಬರಬೇಡವೇ ಮಾಷ್ಟ್ರೇ?"

ನಾನು ಅಂಗಳದ ರಾಶಿಯನ್ನು ತೋರಿಸಿದೆ. ಈ ಅಡಿಕೆಗೆ ಹಾಕಿದ ಗೊಬ್ಬರ, ಸಿಂಪಡಿಸಿದ ಬೋರ್ಡೊ ದ್ರಾವಣ, ಕೊಯ್ಲಿನ ಕೂಲಿ ಇವುಗಳ ಬಿಲ್ಲು ಹಿಡಿದುಕೊಂಡು ಕ್ಯಾಂಪ್ಕೊದ ಖರೀದಿ ಕೇಂದ್ರಕ್ಕೆ ಹೋದರೆ ಯಾರಾದರೂ ನೋಡುತ್ತಾರೆಯೇ? ಅಲ್ಲಿ ನೋಡುವುದು ಅಡಿಕೆಯನ್ನು. ಹೊಸತೋ, ಹಳತೋ, ಒಡೆದದ್ದೋ ಎಂಬುದನ್ನು. ಈ ಮಾತು ತೋಟದ ಮನೆಯ ಹುಡುಗನಿಗೆ ಹೊಸದೇನಲ್ಲ. ಆದರೆ ತನ್ನ ಪ್ರೀತಿಯ ವಸ್ತುವಿಗೂ ಅದೇ ನ್ಯಾಯ ಅನ್ವಯಿಸುತ್ತದೆಂದು ಒಪ್ಪಿಕೊಳ್ಳಲು ಅವನಿಗೆ ಎರಡು ವಾರ ಹಿಡಿಯಿತು.

ವಿಮೆಯ ಲೆಕ್ಕದಲ್ಲಿಯೇ ನೋಡೋಣ. ವಾಹನದ ವಿಮಾಮೌಲ್ಯವನ್ನು ನಿಗದಿಪಡಿಸುವ ಪಟ್ಟಿಯ ಪ್ರಕಾರ ಆರು ತಿಂಗಳೊಳಗೇ ಶೇಕಡಾ 5, ಒಂದು ವರ್ಷದೊಳಗೆ ಶೇಕಡಾ 15, ನಾಲ್ಕು ವರ್ಷ ದಾಟಿ ಐದರೊಳಗೆ ಶೇಕಡಾ 50 ಸವಕಳಿ. ಐದು ವರ್ಷದ ಮೇಲೆ ಪಟ್ಟಿಯೇ ಇಲ್ಲ. ವಿಮೆಯವರೂ ಮಾಲೀಕರೂ ಮಾತಾಡಿ ಒಪ್ಪಿಕೊಂಡದ್ದೇ ಮೌಲ್ಯ. ಈ ಮಾದರಿಯ ತಯಾರಿಕೆ 2022ರಲ್ಲಿ ನಮ್ಮ ದೇಶದಲ್ಲಿ ನಿಂತುಹೋದ ಕಾರಣ ಇದನ್ನೇ ಬೇಕೆಂದು ಹುಡುಕುವ ಒಂದು ವರ್ಗವಿದೆ, ಆದುದರಿಂದ ಬೆಲೆ ಸ್ವಲ್ಪ ಬಿಗಿಯಾಗಿಯೇ ನಿಂತಿದೆ ಎಂದು ಅವನು ವಾದಿಸಿದ. ನಿಜವೇ. ಕಾಸರಗೋಡು, ಮಂಗಳೂರು, ಕಣ್ಣೂರುಗಳಲ್ಲಿ ಅದೇ ವರ್ಷದ, ಏನೂ ಬದಲಾಯಿಸದ ಕಾರುಗಳಿಗೆ ಕೇಳುತ್ತಿದ್ದ ಬೆಲೆಗಳನ್ನು ಅವನೇ ಬರೆದು ತಂದ. ಐದೂಕಾಲರಿಂದ ಐದೂಮುಕ್ಕಾಲು ಲಕ್ಷ. ಕೇಳುವ ಬೆಲೆಯೇ ಬೇರೆ, ಕೈಗೆ ಬರುವ ಬೆಲೆಯೇ ಬೇರೆ ಎಂಬುದು ಬೇರೆ ವಿಷಯ. ಅನಂತರ ಹಳೆ ಕಾರುಗಳ ಇಬ್ಬರು ವ್ಯಾಪಾರಿಗಳಿಗೆ ಇವನ ಕಾರನ್ನು ತೋರಿಸಿದೆವು. ಒಬ್ಬರು ಬಗ್ಗಿ ನೋಡಿ ಎದ್ದು ನಿಂತು "ಬೇಡ" ಎಂದರು. ಇನ್ನೊಬ್ಬರು ನಾಲ್ಕು ಲಕ್ಷ ಎಂದರು.

ನಾಲ್ಕೂವರೆ ಲಕ್ಷ ಖರ್ಚು ಮಾಡಿದ ಕಾರಿಗೆ ಖರ್ಚು ಮಾಡದ ಕಾರಿಗಿಂತ ಕಡಿಮೆ ಬೆಲೆ! ಶಿಷ್ಯನಿಗೆ ಮುಖವೇ ಬಾಡಿತು. ಆದರೆ ವ್ಯಾಪಾರಿಯ ಮಾತಿನಲ್ಲಿ ಅರ್ಥವಿತ್ತು. ಕಾರ್ಖಾನೆಯಿಂದ ಬಂದಾಗ ಈ 1.2 ಲೀಟರಿನ ಟರ್ಬೊ ಇಂಜಿನಿಗೆ 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್. ನಾವು ಪಾಠಪುಸ್ತಕದಲ್ಲಿ 746 ವಾಟ್ ಎಂದು ಕಲಿಸುವ ಅಶ್ವಶಕ್ತಿಗಿಂತ ಯುರೋಪಿನ ಕಾರಿನವರದು ಕೊಂಚ ಚಿಕ್ಕದು, 735.5 ವಾಟ್; ಅವರ ಕುದುರೆ ಸ್ವಲ್ಪ ಬಡಕಲೆಂದು ತರಗತಿಯಲ್ಲಾದರೆ ಹೇಳುತ್ತಿದ್ದೆ. ರೀಮ್ಯಾಪ್ ಎಂದರೆ ಟರ್ಬೊ ಊದುವ ಗಾಳಿಯ ಒತ್ತಡವನ್ನೂ ಇಂಧನದ ಪ್ರಮಾಣವನ್ನೂ ಕಿಡಿ ಹೊತ್ತುವ ಸಮಯವನ್ನೂ ಬದಲಾಯಿಸಿ ಅದೇ ಇಂಜಿನಿನಿಂದ ಹೆಚ್ಚು ದುಡಿಸಿಕೊಳ್ಳುವುದು. ಆಗ ಬಿಸಿ ಹೆಚ್ಚುತ್ತದೆ, ಗೇರ್ ಪೆಟ್ಟಿಗೆಯ ಕ್ಲಚ್ಚುಗಳ ಮೇಲೆ ಭಾರ ಹೆಚ್ಚುತ್ತದೆ. ಈ ಕಾರಿನ ಏಳು ಗೇರಿನ ಒಣ ಕ್ಲಚ್ಚಿನ ಪೆಟ್ಟಿಗೆ 250 ನ್ಯೂಟನ್ ಮೀಟರಿನವರೆಗೆ ಎಂದು ರೂಪಿಸಲ್ಪಟ್ಟದ್ದು. ಹಾಗಾಗಿ ಒಡನೆ ಮುರಿಯುತ್ತದೆಂದಲ್ಲ. ಆದರೆ ಕೊಳ್ಳುವವನಿಗೆ ಕಾಣುವುದು ಈ ಲೆಕ್ಕವಲ್ಲ. ಎಂಟು ವರ್ಷ ಯಾರೋ ಯುವಕ ಇದನ್ನು ಹೇಗೆ ಓಡಿಸಿರಬಹುದು ಎಂಬ ಸಂಶಯ. ಆ ಸಂಶಯಕ್ಕೆ ಒಂದು ಬೆಲೆಯಿದೆ, ಅದನ್ನು ಮಾರುವವನು ತೆರಬೇಕು.

ಇಂಥ ಕಾರುಗಳ ಮರ್ಮ ತಿಳಿದ ಆಸಕ್ತರಿಗೇ ಮಾರಿದರೆ ಹೆಚ್ಚು ಸಿಗದೇ ಎಂದು ಕೇಳಿದೆ. ಸಿಗುತ್ತದೆ, ಆದರೆ ಅಂಥವರು ಕಾಗದ ಕೇಳುತ್ತಾರೆ. ಚಕ್ರಗಳಿಗೆ ಬರುವ ಶಕ್ತಿಯನ್ನು ಉರುಳೆಗಳ ಮೇಲೆ ಓಡಿಸಿ ಅಳೆದ ಡೈನೊ ನಕ್ಷೆ ಎಲ್ಲಿ, ರೀಮ್ಯಾಪಿನ ಮೊದಲಿನ ಮೂಲ ಕಡತ ಇದೆಯೇ, ಎಣ್ಣೆ ಬದಲಾಯಿಸಿದ್ದು ಎಷ್ಟು ಕಿಲೋಮೀಟರಿಗೊಮ್ಮೆ ಎಂದೆಲ್ಲ ವಿಚಾರಿಸುತ್ತಾರೆ. ಇವನಲ್ಲಿ ಡೈನೊ ನಕ್ಷೆ ಇರಲಿಲ್ಲ. "ಸುಮಾರು 135 ಇರಬಹುದು" ಎಂಬ ಮಾತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅಲ್ಲದೆ ಅವರ ಅಭಿರುಚಿಯೇ ಬೇರೆ. ಇವನಿಗೆ ಕೆಂಪು ಇಷ್ಟ, ಅವರಿಗೆ ಬೂದು.

ಇನ್ನು ಕಾನೂನು. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ದೇಶಕ್ಕೇ ಅನ್ವಯಿಸುವ ತೀರ್ಪು ಹುಟ್ಟಿದ್ದು ನಮ್ಮ ಕೇರಳದ ಮೊಕದ್ದಮೆಯಿಂದಲೇ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳ ಹೈಕೋರ್ಟು ಕೊಟ್ಟಿದ್ದ ಸಡಿಲವಾದ ತೀರ್ಪನ್ನು ರದ್ದುಪಡಿಸಿ, ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಎಂದು ಹೇಳುತ್ತದೆ. ಒಂದೊಂದಕ್ಕೂ ಎಂಬುದನ್ನು ಗಮನಿಸಬೇಕು. ಶಿಷ್ಯನ ನೋಂದಣಿ ಪತ್ರದಲ್ಲಿ ಕಾರಿನ ಬಣ್ಣ ಬಿಳಿ ಎಂದಿತ್ತು! ಕೆಂಪು ಹೊದಿಕೆಯ ಸಂಗತಿಯನ್ನು ದಾಖಲಿಸಬೇಕೆಂಬುದೇ ಅವನಿಗೆ ಹೊಳೆದಿರಲಿಲ್ಲ. ವಿಮೆಯವರಿಗೂ ಒಂದನ್ನೂ ತಿಳಿಸಿರಲಿಲ್ಲ. ಅಪಘಾತವಾಗಿದ್ದರೆ ಪರಿಹಾರದ ಅರ್ಜಿಯನ್ನು ತಳ್ಳಿಹಾಕಲು ಅವರಿಗೆ ಅಷ್ಟೇ ಸಾಕಾಗಿತ್ತು. ಎಂಟು ವರ್ಷ ಏನೂ ಆಗಲಿಲ್ಲವೆಂಬುದು ಅದೃಷ್ಟ, ಅದು ಲೆಕ್ಕವಲ್ಲ.

ವೇಗದ ಆಸಕ್ತಿಯೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಕುಂಬಳೆ ಬಳಿಯ ಮೊಗ್ರಾಲಿನ ಮೂಸಾ ಶರೀಫ್ ರ‍್ಯಾಲಿಗಳಲ್ಲಿ ಸಹಚಾಲಕರಾಗಿ ರಾಷ್ಟ್ರೀಯ ಚಾಂಪಿಯನ್ ಪಟ್ಟಗಳನ್ನು ಗೆದ್ದವರು; ಗಡಿನಾಡಿಗೆ ಅದು ಹೆಮ್ಮೆ. ಆದರೆ ಆ ಕಾರುಗಳು ಓಡುವುದು ಮುಚ್ಚಿದ ರಸ್ತೆಗಳಲ್ಲಿ, ಶಿರಸ್ತ್ರಾಣ, ಕಬ್ಬಿಣದ ಪಂಜರ, ವೈದ್ಯರ ತಂಡಗಳ ನಡುವೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿಯೂ ಕೊಯಮತ್ತೂರಿನಲ್ಲಿಯೂ ಅದಕ್ಕೆಂದೇ ಪಥಗಳಿವೆ. ತಲಪಾಡಿಯಿಂದ ಚೆಂಗಳದವರೆಗಿನ ಹೊಸ ಆರು ಪಥದ ಹೆದ್ದಾರಿ ಅಂಥ ಪಥವಲ್ಲ. ಅದರ ಬದಿಯಲ್ಲಿ ಶಾಲೆಗಳಿವೆ, ನಮ್ಮ ಮಕ್ಕಳು ಬಸ್ಸಿಗೆ ಕಾಯುತ್ತಾರೆ.

ಹೀಗೆ ನಾವು ನಾಲ್ಕು ಲಕ್ಷದ ಬಳಿ ತಲೆಗೆ ಕೈಯಿಟ್ಟು ಕೂತಿದ್ದಾಗ ಎಂಟು ಲಕ್ಷದ ಕರೆ ಬಂತು.

ಕೊಳ್ಳುವವರು ಗಡಿಯಾಚೆಯವರು, ಅನುಕೂಲಸ್ಥರು. ಮಗನಿಗೆ ಆಗಷ್ಟೇ ಹದಿನೆಂಟು ತುಂಬಿ ಚಾಲನಾ ಪರವಾನಗಿ ಸಿಕ್ಕಿತ್ತು. ಇದೇ ಕಾರು ಬೇಕೆಂದು ಹುಡುಗ ಊಟ ಬಿಟ್ಟಿದ್ದನಂತೆ. ತಂದೆ ಮಗ ಇಬ್ಬರೂ ಬಂದರು. ಹುಡುಗ ಕಾರಿನ ಸುತ್ತ ನಡೆದ ರೀತಿಯನ್ನು ನೋಡಿ ನನಗೇ ಕರುಣೆಯಾಯಿತು, ದೇವರ ಪ್ರದಕ್ಷಿಣೆಯಂತೆ. ತಂದೆ ಚೌಕಾಸಿ ಮಾಡಲಿಲ್ಲ. ಎಂಟು ಲಕ್ಷ, ನಗದು, ನಾಳೆಯೇ. ಒಂದೇ ಒಂದು ಷರತ್ತು: "ಹೆಸರು ಈಗ ಬದಲಾಯಿಸುವುದು ಬೇಡ. ಕರ್ನಾಟಕಕ್ಕೆ ವರ್ಗಾಯಿಸಿದರೆ ತೆರಿಗೆ ಕಟ್ಟಬೇಕು, ತಪಾಸಣೆಯಲ್ಲಿ ಇದನ್ನೆಲ್ಲ ಬಿಚ್ಚಿಸುತ್ತಾರೆ. ನೀವು ಫಾರಂಗಳಿಗೆ ಸಹಿ ಹಾಕಿ ಕೊಡಿ, ಒಂದು ವರ್ಷ ನಿಮ್ಮ ಹೆಸರಿನಲ್ಲಿಯೇ ಇರಲಿ."

ಸಾಲ ಏಳು, ಬರುವುದು ಎಂಟು. ತೋಟ ಉಳಿದು ಕೈಯಲ್ಲಿ ಒಂದು ಲಕ್ಷ ಮಿಗುತ್ತದೆ. ಒಪ್ಪಿಕೊಂಡುಬಿಡಲಿ ಎಂದು ಆ ಕ್ಷಣಕ್ಕೆ ನನಗೂ ಅನಿಸಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ರೋಗಿಯಾದ ತಂದೆಯನ್ನು ಮನೆಯಿಂದೆಬ್ಬಿಸುವ ಭೀತಿಯ ಮುಂದೆ ಕಾಗದಪತ್ರದ ನಿಯಮಗಳು ಬಹಳ ತೆಳ್ಳಗೆ ಕಾಣುತ್ತವೆ. ಒಂದು ದಿನದ ಸಮಯ ಕೇಳಿ ಅವರನ್ನು ಕಳುಹಿಸಿದೆವು.

ರಾತ್ರಿ ಚಾವಡಿಯಲ್ಲಿ ಕುಳಿತು ನಾನು ಅವನಿಗೆ ಎರಡು ಸಂಗತಿ ತಿಳಿಸಿದೆ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ಒಂದು ವ್ಯವಹಾರದಲ್ಲಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾಯಿದೆ ನಿಷೇಧಿಸುತ್ತದೆ. ಪಡೆದವರ ಮೇಲೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದಾದರೂ ಬ್ಯಾಂಕಿನ ಮೂಲಕ ಸರಿಪಡಿಸಬಹುದಾದದ್ದು. ಎರಡನೆಯದು ಹಾಗಲ್ಲ. ಒಬ್ಬರು 2007ರಲ್ಲಿ ಮಾರಿದ ಕಾರು, ಹೆಸರು ಬದಲಾಗದೆ, ಕೈಯಿಂದ ಕೈಗೆ ದಾಟುತ್ತಾ ಹೋಗಿ 2009ರಲ್ಲಿ ಒಂದು ಜೀವವನ್ನು ಬಲಿ ತೆಗೆದುಕೊಂಡಿತು. ಪರಿಹಾರ ಕೊಡಬೇಕಾದವರಾರು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಫೆಬ್ರವರಿಯಲ್ಲಿ ತೀರ್ಪಾಯಿತು: ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಹೊಣೆ ಅವರದೇ. ಕಾರು ಯಾರ ಅಂಗಳದಲ್ಲಿತ್ತು, ಯಾರು ಓಡಿಸುತ್ತಿದ್ದರು ಎಂಬುದು ಆ ಹೊಣೆಯನ್ನು ತೆಗೆಯಲಿಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದ. ಅನಂತರ ಹೇಳಿದ ಮಾತು ಕಾನೂನಿನದಲ್ಲ. "ಆ ಹುಡುಗ ಇದನ್ನು ಮೊದಲ ಮಳೆಗೇ ಎಲ್ಲಿಯಾದರೂ ಹೊಡೆಯುತ್ತಾನೆ ಮಾಷ್ಟ್ರೇ. ನಾನೇ ಹೊಡೆಯುವುದರಲ್ಲಿದ್ದೆ, ಮೊದಲ ವರ್ಷ, ಪೊಸಡಿ ಗುಂಪೆಯ ತಿರುವಿನಲ್ಲಿ. ಅಪ್ಪನಿಗೆ ಹೇಳಿರಲಿಲ್ಲ."

ಬೆಳಗ್ಗೆ ಅವನೇ ಕರೆ ಮಾಡಿ ಬೇಡವೆಂದ. ಆ ಕಡೆಯವರು ಎಂಟೂವರೆಗೆ ಏರಿಸಿದರು. ಆಗಲೂ ಬೇಡವೆಂದ.

ಉಳಿದದ್ದು ಒಂದೇ ದಾರಿ: ಕಾರನ್ನು ಹುಟ್ಟಿದ ಹಾಗೆ ಮಾಡಿ ಮಾರುವುದು, ಬಿಚ್ಚಿದ ಭಾಗಗಳನ್ನು ಬೇರೆಯಾಗಿ ಮಾರುವುದು. ಇಲ್ಲಿ ಅವನ ಅಚ್ಚುಕಟ್ಟುತನ ಕೈಹಿಡಿಯಿತು. ಮೂಲ ಚಕ್ರಗಳು, ಆಸನಗಳು, ಬ್ರೇಕಿನ ಭಾಗಗಳು, ಸೈಲೆನ್ಸರು ಎಲ್ಲವೂ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದವು. ಮನೆಯ ಮಕ್ಕಳು ಕಾರಿನಿಂದ ಏನನ್ನೇ ಬಿಚ್ಚಿಸಲಿ, ಹಳೆಯದನ್ನು ಗುಜರಿಗೆ ಹಾಕಲು ಬಿಡಬೇಡಿ. ಈ ಲೇಖನದಿಂದ ಇಷ್ಟನ್ನು ನೆನಪಿಟ್ಟರೂ ಸಾಕು. ಅವನು ಎಡವಿದ್ದು ಎರಡು ಕಡೆ. ಮೂಲ ಸಸ್ಪೆನ್ಷನ್ನನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ನಾಲ್ಕು ಸಾವಿರಕ್ಕೆ ಗುಜರಿಯವನಿಗೆ ಮಾರಿದ್ದ. ಅದರೊಳಗೆ ಪ್ಲಾಟಿನಂ, ಪೆಲೇಡಿಯಂ, ರೋಡಿಯಂಗಳ ಲೇಪನವಿರುತ್ತದೆಂದು ಗುಜರಿಯವನಿಗೆ ತಿಳಿದಿತ್ತು, ನನ್ನ ಶಿಷ್ಯನಿಗೆ ತಿಳಿದಿರಲಿಲ್ಲ. ರಸಾಯನಶಾಸ್ತ್ರದ ಮಾಷ್ಟ್ರು ನಾನಲ್ಲವಾದ್ದರಿಂದ ಈ ಅಪರಾಧದಿಂದ ನಾನು ಮುಕ್ತ. ಬೆಂಗಳೂರಿನ ಶಿವಾಜಿನಗರದ ಹಳೆ ಬಿಡಿಭಾಗಗಳ ಅಂಗಡಿಗಳಲ್ಲಿ ಎರಡು ದಿನ ಸುತ್ತಿ 26,000ಕ್ಕೆ ಒಂದನ್ನು ತಂದ. ಸಸ್ಪೆನ್ಷನ್ನಿಗೆ 22,000, ಎಲ್ಲವನ್ನೂ ಮರುಜೋಡಿಸಿ ಇಂಜಿನಿನ ಕಂಪ್ಯೂಟರಿಗೆ ಮೂಲ ಬರಹವನ್ನು ತುಂಬಿಸಲು 18,000. ಒಟ್ಟು 66,000.

ಬಿಚ್ಚಿದ ಭಾಗಗಳಲ್ಲಿ ಸಸ್ಪೆನ್ಷನ್ 45,000ಕ್ಕೆ, ಚಕ್ರಗಳು 40,000ಕ್ಕೆ, ಹೊಗೆಕೊಳವೆ 25,000ಕ್ಕೆ, ಬ್ರೇಕು 25,000ಕ್ಕೆ, ಆಸನಗಳು 20,000ಕ್ಕೆ, ಫಿಲ್ಟರು 6,000ಕ್ಕೆ ಹೋದವು. ಒಟ್ಟು 1,61,000. ರೀಮ್ಯಾಪಿನ ದುಡ್ಡೂ ಹೊದಿಕೆಯ ದುಡ್ಡೂ ಗಾಳಿಗೆ ಹೋದ ಹಾಗೆ. ಸಸ್ಪೆನ್ಷನ್ ಮತ್ತು ಆಸನಗಳನ್ನು ಕೊಂಡವರು ಸ್ಪರ್ಧೆಗಳಲ್ಲಿ ಓಡಿಸುವವರೆಂದು ಖಚಿತವಾಗಿತ್ತು. ಹೊಗೆಕೊಳವೆ ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು, ಯಾರದೋ ಊರಿನ ನಿದ್ದೆ ಅದರಿಂದ ಕೆಡುತ್ತಿರಬಹುದು.

ಕೆಂಪು ಹೊದಿಕೆ ಸುಲಿದ ದಿನ ನಾನೂ ಹೋಗಿದ್ದೆ. ಎಂಟು ವರ್ಷ ಬಿಸಿಲು ಕಾಣದ ಬಿಳಿ ಬಣ್ಣ ಹೊಸದರಂತೆ ಹೊರಬಂತು. ಅವನ ತಂದೆ ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲಿ ಕುಳಿತಿದ್ದರು. "ನಾವು ತಂದ ಕಾರು ಇದೇ ಅಲ್ಲವೋ?" ಎಂದರು.

ಕೊಂಡವರು ಹೊಸದುರ್ಗದ ಕಡೆಯ ಒಬ್ಬರು ಪಶುವೈದ್ಯರು. 5,40,000 ಎಂದು ಹೇಳಿದ್ದೆವು. ಮುಂಗಡ ತೆಗೆದುಕೊಳ್ಳುವ ಮೊದಲು ಶಿಷ್ಯ ಒಂದು ಹಾಳೆಯನ್ನು ಅವರ ಕೈಗಿತ್ತ: ಯಾವ ಯಾವ ಬದಲಾವಣೆ ಆಗಿತ್ತು, ಎಷ್ಟು ವರ್ಷ ಇತ್ತು, ಯಾವಾಗ ತೆಗೆದದ್ದು, ಕಂಪೆನಿಯ ಸರ್ವಿಸಿನ ಕಂಪ್ಯೂಟರಿಗೆ ಹಳೆಯ ರೀಮ್ಯಾಪಿನ ಗುರುತು ಕಾಣಿಸಬಹುದು ಎಂಬುದು ಕೂಡ. ಇದು ನನ್ನ ಒತ್ತಾಯ. ಅವನಿಗೆ ಅಷ್ಟು ಮನಸ್ಸಿರಲಿಲ್ಲ. ವೈದ್ಯರು ಎರಡು ಸಲ ಓದಿದರು, ತಮ್ಮ ಪರಿಚಯದ ಮೆಕ್ಯಾನಿಕ್ಕಿನಿಂದ ಒಂದು ದಿನ ಪರೀಕ್ಷೆ ಮಾಡಿಸಿದರು, ಮೂವತ್ತು ಸಾವಿರ ಇಳಿಸಿ 5,10,000ಕ್ಕೆ ಒಪ್ಪಿದರು. ದುಡ್ಡು ಬ್ಯಾಂಕಿನ ಮೂಲಕ ಬಂತು. ರಾಜ್ಯದೊಳಗಿನ ವರ್ಗಾವಣೆಯಾದ್ದರಿಂದ ಎನ್‌ಒಸಿಯ ತೊಡಕಿರಲಿಲ್ಲ. ಮಾರಿದವರು ಹದಿನಾಲ್ಕು ದಿನದೊಳಗೆ ತಿಳಿಸಬೇಕೆಂಬುದು ನಿಯಮ. ನಾವು ಎರಡನೆಯ ದಿನವೇ 29 ಮತ್ತು 30ನೆಯ ನಮೂನೆಗಳನ್ನು ಸಲ್ಲಿಸಿದೆವು. ಕಾರನ್ನು ಒಪ್ಪಿಸಿದ ದಿನಾಂಕ, ಗಂಟೆ, ಮೀಟರಿನ ಅಂಕಿಗಳನ್ನು ಬರೆದು ಇಬ್ಬರೂ ಸಹಿ ಹಾಕಿದ ಚೀಟಿಯೊಂದನ್ನು ಇಟ್ಟುಕೊಂಡೆವು. ವಿಮೆಯ ನೋ ಕ್ಲೇಮ್ ಬೋನಸ್ಸು ಕಾರಿನದಲ್ಲ, ಮಾಲೀಕರದು. ಅದರ ಪ್ರಮಾಣಪತ್ರವನ್ನೂ ಕೇಳಿ ಪಡೆದುಕೊಂಡ.

ಲೆಕ್ಕ ಹೀಗಾಯಿತು: 5,10,000ಕ್ಕೆ 1,61,000 ಕೂಡಿಸಿ 66,000 ಕಳೆದರೆ 6,05,000. ವ್ಯಾಪಾರಿಯ ನಾಲ್ಕು ಲಕ್ಷಕ್ಕಿಂತ ಎರಡು ಲಕ್ಷದ ಐದು ಸಾವಿರ ಹೆಚ್ಚು. ಗಡಿಯಾಚೆಯವರ ಎಂಟು ಲಕ್ಷಕ್ಕಿಂತ 1,95,000 ಕಡಿಮೆ. ಸಾಲಕ್ಕೆ ಇನ್ನೂ 95,000 ಬೇಕಿತ್ತು. ಅದಕ್ಕೆ ಅವನ ತಾಯಿಯ ಎರಡು ಬಳೆಗಳು ಅಡವಿಗೆ ಹೋದವು. ಅವರು ಮಾತಾಡದೆ ಕಳಚಿ ಕೊಟ್ಟರೆಂದು ಅವನೇ ಹೇಳಿದ. ಬಿಡಿಸಲು ಸಂಬಳದಿಂದ ತಿಂಗಳಿಗಿಷ್ಟು ಎಂದು ತೆಗೆದಿಡುತ್ತಿದ್ದಾನೆ.

ಈಗ ಅವನು ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಮೊನ್ನೆ ಮನೆಗೆ ಹೋದಾಗ ಅವನ ಮೇಜಿನ ಮೇಲೆ ಗಡಿಯಾರದಂಥ ಒಂದು ಚಿಕ್ಕ ಮಾಪಕ ಕಂಡಿತು. ಟರ್ಬೊ ಒತ್ತಡ ತೋರಿಸುವುದಂತೆ, ಕಡತದ ಬಿಲ್ಲುಗಳಲ್ಲಿ ಸೇರಿಲ್ಲದ್ದು. ಮಾರಲಿಲ್ಲವೇ ಎಂದು ಕೇಳಿದೆ. ಮುಳ್ಳು ಸೊನ್ನೆಯಲ್ಲಿ ನಿಂತಿತ್ತು. "ಅದಕ್ಕೆ ಮಾತ್ರ ನಾನು ಬೆಲೆ ಕಟ್ಟಿಲ್ಲ ಮಾಷ್ಟ್ರೇ" ಎಂದು ಹೇಳಿ ಚಹಾ ತರಲು ಒಳಗೆ ಹೋದ.